ಹಲಸಿಯ ಗುಡ್ಡಗಳು ಕಲಿಸುವ ಪಾಠ

ಬೆಳಗಾವಿ ಜಿಲ್ಲೆಯ ಖಾನಾಪುರ ಪಟ್ಟಣದಿಂದ ನಂದಗಡದ ದಾರಿ ಹಿಡಿದು ಹದಿನಾಲ್ಕು–ಹದಿನೈದು ಕಿ.ಮೀ. ಸಾಗಿದರೆ ಹಲಸಿ ಸಿಗುತ್ತದೆ. ಸುತ್ತ ಭತ್ತದ ಗದ್ದೆ, ಗದ್ದೆಯ ಅಂಚಿಗೆ ಕಾಡು, ಕಾಡಿನ ಹಿಂದೆ ಸಾಲು ಸಾಲು ಗುಡ್ಡ. ಕನ್ನಡ, ಮರಾಠಿ ಎರಡೂ ಕೇಳಿಬರುವ ಈ ಪುಟ್ಟ ಗ್ರಾಮವನ್ನು ಮೊದಲ ಬಾರಿ ಕಂಡವರಿಗೆ ಇದು ಒಂದು ಕಾಲದ ರಾಜಧಾನಿ ಎಂದರೆ ನಂಬಿಕೆ ಬರಲಿಕ್ಕಿಲ್ಲ. ಆದರೆ ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿ. ಆಗಿನ ಹೆಸರು ಪಲಾಶಿಕಾ. ಅದು ಪಲಸಿಗೆಯಾಗಿ, ಹಲಸಿಗೆಯಾಗಿ, ಕೊನೆಗೆ ಹಲಸಿಯಾಯಿತು. ‘ಪಾಲು’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ ಇಲ್ಲಿಯೂ ಪಕಾರ ಹೋಗಿ ಹಕಾರ ಬಂದಿದೆ. ವ್ಯಾಕರಣದ ಪಾಠವೊಂದು ಊರಿನ ಹೆಸರಿನಲ್ಲಿಯೇ ಅಡಗಿದೆ.

ಹಲಸಿಗೆ ಬರುವ ಹೆಚ್ಚಿನವರು ದೇವಾಲಯಗಳನ್ನು ನೋಡಿ, ನಾಲ್ಕು ಫೋಟೋ ತೆಗೆದು, ಮಧ್ಯಾಹ್ನದ ಬಸ್ಸಿಗೆ ಮರಳುತ್ತಾರೆ. ಊರಿನ ಬೆನ್ನಿಗಿರುವ ಗುಡ್ಡಗಳತ್ತ ಮುಖ ಮಾಡುವವರು ಕಡಿಮೆ. ಹಾಗೆ ಮುಖ ಮಾಡುವವರಲ್ಲಿಯೂ ಒಂದು ಗುಂಪು ಮಳೆಗಾಲದ ಜಲಪಾತಗಳ ಹುಚ್ಚಿಗೆ ಬಿದ್ದು ಅಪಾಯ ತಂದುಕೊಳ್ಳುತ್ತದೆ. ಪತ್ರಿಕೆಯಲ್ಲಿ ಅಂಥ ಸುದ್ದಿ ಓದಿದ ತಂದೆ ತಾಯಂದಿರು ‘ಗುಡ್ಡದ ಸಹವಾಸವೇ ಬೇಡ’ ಎಂದು ಮಕ್ಕಳನ್ನು ಮನೆಯಲ್ಲಿ ಕೂರಿಸುತ್ತಾರೆ. ಈ ಎರಡು ಅತಿರೇಕಗಳ ನಡುವೆ ಒಂದು ಹದವಾದ ದಾರಿ ಇದೆ. ಅದನ್ನು ಹಲಸಿಯ ನೆಲವೇ ತೋರಿಸುತ್ತದೆ. ವಿಶೇಷವೆಂದರೆ ಅದರ ಮೊದಲ ಸುಳಿವು ಸಿಗುವುದು ಸುಮಾರು ಒಂದೂವರೆ ಸಾವಿರ ವರ್ಷ ಹಿಂದಿನ ತಾಮ್ರಪಟವೊಂದರಲ್ಲಿ.

ತಾಮ್ರಪಟದ ನಾಲ್ಕು ತಿಂಗಳು

ಹಲಸಿಯ ಹೊರವಲಯದಲ್ಲಿ ಚಕ್ರತೀರ್ಥ ಎಂಬ ಸಣ್ಣ ಬಾವಿ. ಅದರ ಬಳಿಯ ಮಣ್ಣಿನ ದಿಬ್ಬದಲ್ಲಿ 19ನೆಯ ಶತಮಾನದಲ್ಲಿ ಕದಂಬರ ತಾಮ್ರಪಟಗಳು ದೊರೆತವು. ಸಂಸ್ಕೃತ ಭಾಷೆಯಲ್ಲಿರುವ ಇವನ್ನು ಓದಿ ಪ್ರಕಟಿಸಿದವರು ಶಾಸನತಜ್ಞ ಜೆ.ಎಫ್. ಫ್ಲೀಟ್. ದೊರೆ ಮೃಗೇಶವರ್ಮ ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿದ ಸಂಗತಿ ಈ ಪಟಗಳಿಂದಲೇ ತಿಳಿಯುತ್ತದೆ. ಅವನ ಮಗ ರವಿವರ್ಮ ಕಂಚಿಯ ಚಂಡದಂಡನನ್ನು ಸೋಲಿಸಿ ಪಲಾಶಿಕೆಯಲ್ಲಿ ನೆಲೆನಿಂತ ವಿಷಯವೂ ಇದೆ.

ರವಿವರ್ಮನ ಕಾಲದ ಒಂದು ಪಟದಲ್ಲಿ ಎರಡು ಕಟ್ಟಳೆಗಳಿವೆ. ಪ್ರತಿ ವರ್ಷ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನಗಳ ಜಿನೋತ್ಸವ ನಡೆಯಬೇಕು ಎಂಬುದು ಒಂದು. ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಊಟದ ವ್ಯವಸ್ಥೆ ಆಗಬೇಕು ಎಂಬುದು ಇನ್ನೊಂದು. ಇದರ ಖರ್ಚಿಗೆಂದು ಗ್ರಾಮವೊಂದರ ಆದಾಯವನ್ನು ಬಿಟ್ಟುಕೊಡಲಾಗಿತ್ತು.

ಜೈನ ಮುನಿಗಳು ಒಂದೆಡೆ ನಿಲ್ಲದೆ ನಡೆಯುತ್ತಲೇ ಇರುವವರು. ಆದರೆ ಮಳೆಗಾಲದಲ್ಲಿ ಅವರು ನಡಿಗೆ ನಿಲ್ಲಿಸುತ್ತಾರೆ. ಹುಳುಹುಪ್ಪಟೆಗಳು ಎಲ್ಲೆಡೆ ಹರಿದಾಡುವ ಕಾಲದಲ್ಲಿ ಕಾಲಡಿಗೆ ಜೀವಹಾನಿ ಆಗಬಾರದು ಎಂಬುದು ಧರ್ಮದ ಕಾರಣ. ಹಳ್ಳಗಳು ತುಂಬಿ ದಾರಿ ಕಡಿದುಹೋಗುವ ಸಹ್ಯಾದ್ರಿಯಲ್ಲಿ ಆ ನಿಯಮ ನೆಲಕ್ಕೂ ಒಪ್ಪುವಂಥದ್ದು. ನಡೆಯುವುದನ್ನೇ ಬದುಕಾಗಿಸಿಕೊಂಡವರಿಗೂ ನಿಲ್ಲಬೇಕಾದ ಕಾಲವೊಂದಿದೆ. ನಿಂತವರಿಗೆ ಅನ್ನವಿಕ್ಕುವುದು ಊರಿನ ಹೊಣೆ. ಇದನ್ನು ಅರಸನೊಬ್ಬ ತಾಮ್ರದ ಮೇಲೆ ಬರೆಸಿಟ್ಟ. ಕಾರ್ತಿಕದ ಹುಣ್ಣಿಮೆ ಬರುವ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಮುನಿಗಳು ಮತ್ತೆ ದಾರಿ ಹಿಡಿಯುತ್ತಾರೆ. ಗುಡ್ಡದ ತಿರುಗಾಟಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸರಳವಾದ ಪಂಚಾಂಗ ಬೇಕಿಲ್ಲ.

ದೇವಾಲಯದಿಂದ ರಾಮತೀರ್ಥಕ್ಕೆ

ಹಲಸಿಯ ದೊಡ್ಡ ದೇವಾಲಯ ಭೂವರಾಹ ನರಸಿಂಹನದು. ಇದು ಗೋವೆಯ ಕದಂಬರ ಕಾಲದ್ದು. ಇದರಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿ ನಿಂತಿವೆ. ಒಂದರಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ಆಳೆತ್ತರದ ವರಾಹ, ಇನ್ನೊಂದರಲ್ಲಿ ಕುಳಿತ ವಿಷ್ಣು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಕದಂಬ ಶೈಲಿಯ ಶಿಖರ ಹಿಂದಿನ ಗುಡ್ಡಗಳ ಸಾಲಿಗೆ ಹೊಂದಿಕೊಂಡಂತೆ ಕಾಣುತ್ತದೆ. ಊರಿನಲ್ಲಿ ಸುವರ್ಣೇಶ್ವರ, ಕಪಿಲೇಶ್ವರ, ಹಾಟಕೇಶ್ವರ, ಗೋಕರ್ಣೇಶ್ವರ ದೇವಾಲಯಗಳೂ ಹಳೆಯ ಬಸದಿಯೂ ಇವೆ.

ಇಲ್ಲಿನ ಶಾಸನವೊಂದರಲ್ಲಿ ಕಾಲವನ್ನು ಕಲಿಯುಗದ ವರ್ಷ 4270 ಎಂದು ಕೊಡಲಾಗಿದೆ. ಕಲಿಯುಗ ಆರಂಭವಾದದ್ದು ಕ್ರಿಸ್ತಪೂರ್ವ 3102ರಲ್ಲಿ ಎಂಬುದು ಹಿಂದಿನವರ ಲೆಕ್ಕ. 4270ರಲ್ಲಿ 3101 ಕಳೆದರೆ 1169 ಬರುತ್ತದೆ. ಶಿವಚಿತ್ತ ಪೆರ್ಮಾಡಿ ಆಳುತ್ತಿದ್ದ ವರ್ಷ ಅದು. ಏಳನೆಯ ತರಗತಿಯ ಮಗು ಕೂಡ ಅಲ್ಲಿಯೇ ನಿಂತು ಮಾಡಬಹುದಾದ ಲೆಕ್ಕವಿದು. ಅವನ ರಾಣಿ ಕಮಲಾದೇವಿ 1174ರಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯ ಕಿತ್ತೂರಿನ ಹತ್ತಿರದ ದೇಗಾವಿಯಲ್ಲಿದೆ.

ಈ ಅರಸರು ಘಟ್ಟದ ಕೆಳಗೆ ಗೋವೆಯನ್ನೂ ಘಟ್ಟದ ಮೇಲೆ ಹಲಸಿಗೆ ಹನ್ನೆರಡು ಸಾವಿರವನ್ನೂ ಆಳಿದವರು. ಎರಡರ ನಡುವೆ ನಿಂತಿದ್ದುದು ಸಹ್ಯಾದ್ರಿ. ಘಟ್ಟ ಹತ್ತಿ ಇಳಿಯುವುದು ಆಗಿನ ರಾಜಕಾರಣದ, ವ್ಯಾಪಾರದ ದಿನನಿತ್ಯದ ಕೆಲಸ. ಮುಂದೆ 19ನೆಯ ಶತಮಾನದಲ್ಲಿಯೂ ನಂದಗಡದ ಪೇಟೆಗೆ ಗೋವೆಯಿಂದ ಉಪ್ಪು, ತೆಂಗು, ಅಡಿಕೆ ಬರುತ್ತಿದ್ದವು. ಬಯಲುಸೀಮೆಯ ಕಾಳುಕಡಿ ಇಲ್ಲಿಂದ ಕೆಳಗಿಳಿಯುತ್ತಿತ್ತು. 1888ರಲ್ಲಿ ಕ್ಯಾಸಲ್‌ರಾಕ್ ಘಟ್ಟದಲ್ಲಿ ರೈಲು ಓಡತೊಡಗಿದ ಮೇಲೆ ಹಳೆಯ ಕಾಲುದಾರಿಗಳ ಮಹತ್ವ ಕುಗ್ಗಿತು.

ಹಲಸಿಗೆ ಬಂದ ಮಕ್ಕಳ ಮೊದಲ ಗುಡ್ಡದ ನಡಿಗೆಗೆ ರಾಮತೀರ್ಥ ಹೇಳಿ ಮಾಡಿಸಿದಂತಿದೆ. ಊರಿನಿಂದ ಸುಮಾರು 2 ಕಿ.ಮೀ. ದೂರದ ಈ ಗುಡ್ಡದಲ್ಲಿ ಈಶ್ವರನ ಗುಡಿ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಗುಡ್ಡದ ನಡಿಗೆಗೆ ಒಂದು ಸೂತ್ರ ಕೊಟ್ಟ. ಸುಮಾರು 5 ಕಿ.ಮೀ.ಗೆ ಒಂದು ಗಂಟೆ. ಏರು ಇದ್ದರೆ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ ಸೇರಿಸಬೇಕು. ಅದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಕ್ಕಳ ತಂಡಕ್ಕೆ ಅದನ್ನು ಇಮ್ಮಡಿ ಮಾಡಿಕೊಳ್ಳುವುದು ಕ್ಷೇಮ. ಹೊರಡುವ ಮೊದಲು ಮಕ್ಕಳೇ ಸಮಯ ಅಂದಾಜು ಮಾಡಿ ಬರೆದಿಟ್ಟು, ಮರಳಿದ ಮೇಲೆ ತಾಳೆ ನೋಡಬೇಕು. ಎರಡು ಮೂರು ಬಾರಿ ಹೀಗೆ ಮಾಡಿದರೆ ತಮ್ಮ ಕಾಲಿನ ಅಳತೆ ತಮಗೆ ಸಿಗುತ್ತದೆ. ಗುಡ್ಡದಲ್ಲಿ ಕತ್ತಲಿಗೆ ಸಿಕ್ಕುವವರು ಸಾಮಾನ್ಯವಾಗಿ ಈ ಅಳತೆ ತಿಳಿಯದವರೇ.

ಒಂದೇ ಮಳೆ, ಎರಡು ಕಡಲು

ಖಾನಾಪುರ ತಾಲೂಕಿನ ಮಳೆ ಸಾಮಾನ್ಯದ್ದಲ್ಲ. ಅರಬ್ಬೀ ಸಮುದ್ರದ ಮೇಲಿಂದ ಬರುವ ತೇವಭರಿತ ಗಾಳಿಗೆ ಸಹ್ಯಾದ್ರಿ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಮುಂದೆ ಹೋಗಲು ಗಾಳಿ ಮೇಲೇರಲೇಬೇಕು. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ತನ್ನಲ್ಲಿದ್ದ ಆವಿಯನ್ನು ಹಿಡಿದಿಡಲಾರದೆ ಮಳೆಯಾಗಿ ಸುರಿಸುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗಿ, ಒಣಗಿ, ಮಳೆ ಕಡಿಮೆಯಾಗುತ್ತದೆ. ಇದೇ ತಾಲೂಕಿನ ಆಮಗಾಂವದಲ್ಲಿ 2010ರಲ್ಲಿ ಬಿದ್ದ ಮಳೆ 10 ಸಾವಿರ ಮಿ.ಮೀ. ದಾಟಿತ್ತು. ಅಂದರೆ ಹತ್ತು ಮೀಟರು! ಬಿದ್ದ ನೀರೆಲ್ಲ ಹರಿಯದೆ ನಿಂತಿದ್ದರೆ ಎರಡಂತಸ್ತಿನ ಮನೆ ಮುಳುಗುತ್ತಿತ್ತು. ಬೆಳಗಾವಿ ನಗರದ ವಾರ್ಷಿಕ ಸರಾಸರಿ ಸುಮಾರು 1,300 ಮಿ.ಮೀ. ಮಾತ್ರ.

ಈ ನೀರು ಎಲ್ಲಿಗೆ ಹೋಗುತ್ತದೆ? ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ತಿರುಗಿ, ನವಿಲುತೀರ್ಥದ ಜಲಾಶಯ ತುಂಬಿ, 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಬಂಗಾಳ ಕೊಲ್ಲಿಗೆ. ಇದೇ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಗುಡ್ಡದ ನೆತ್ತಿಯ ಆಚೆಗೊಂದು ಈಚೆಗೊಂದು ಜಾರಿದರೆ ಮತ್ತೆ ಭೇಟಿಯಾಗುವುದು ಕಡಲಿನಲ್ಲಿಯೇ. ಹುಬ್ಬಳ್ಳಿ–ಧಾರವಾಡದ ಮನೆಗಳ ನಲ್ಲಿಯಲ್ಲಿ ಬರುವ ನೀರಿಗೂ ಈ ಗುಡ್ಡಗಳಿಗೂ ನೇರ ಸಂಬಂಧವಿದೆ. ‘ನೀರಿನ ವಿಂಗಡಣೆ’ ಎಂದು ಭೂಗೋಳದ ಪುಸ್ತಕದಲ್ಲಿ ಓದುವುದಕ್ಕಿಂತ ಗುಡ್ಡದ ಏಣಿನ ಮೇಲೆ ನಿಂತು ಎರಡೂ ಕಡೆಯ ಇಳಿಜಾರು ನೋಡಿದರೆ ಅದು ಮರೆಯುವ ಮಾತೇ ಇಲ್ಲ.

ಹಳ್ಳ ಯಾಕೆ ಒಮ್ಮೆಲೇ ಏರುತ್ತದೆ

ಗುಡ್ಡದ ಅಪಾಯಗಳಲ್ಲಿ ಮೊದಲನೆಯದು ನೀರು. ಹುಲಿ, ಕರಡಿ, ಹಾವುಗಳಿಗೆ ಹೆದರುವ ಜನ ಮೊಣಕಾಲುದ್ದದ ಹಳ್ಳಕ್ಕೆ ಹೆದರುವುದಿಲ್ಲ. 2022ರ ನವೆಂಬರಿನಲ್ಲಿ, ಬೆಳಗಾವಿಗೆ ಹತ್ತಿರದ, ಮಹಾರಾಷ್ಟ್ರದ ಗಡಿಯೊಳಗಿನ ಕಿತವಾಡ ಜಲಪಾತದಲ್ಲಿ ಬೆಳಗಾವಿಯ ನಾಲ್ವರು ಎಳೆಯ ವಯಸ್ಸಿನ ಹುಡುಗಿಯರು ನೀರುಪಾಲಾದರು. ಮಳೆಗಾಲ ಮುಗಿದ ಮೇಲೆ ನಡೆದ ಘಟನೆ ಅದು. ಮಳೆ ನಿಂತಿತೆಂದ ಮಾತ್ರಕ್ಕೆ ನೀರು ಸಾಧುವಾಗುವುದಿಲ್ಲ. ಪಾಚಿ ಹಿಡಿದ ಬಂಡೆ ಜಾರುತ್ತದೆ. ಜಲಪಾತದ ಕೆಳಗಿನ ಮಡುವಿನ ಆಳ ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ.

ಮಳೆಗಾಲದ ಹಳ್ಳದ ಲೆಕ್ಕವೇ ಬೇರೆ. ಒಂದು ಚದರ ಕಿ.ಮೀ. ಗುಡ್ಡದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಹತ್ತು ಲಕ್ಷ ಲೀಟರು. ನೂರು ಮಿ.ಮೀ. ಬಿದ್ದರೆ ಹತ್ತು ಕೋಟಿ ಲೀಟರು. ನೆನೆದು ತುಂಬಿದ ನೆಲ ಇನ್ನು ಕುಡಿಯಲಾರದು. ಎಲ್ಲ ನೀರೂ ಒಂದೇ ಕೊರಕಲಿಗೆ ಓಡಿ ಬರುತ್ತದೆ. ಆದ್ದರಿಂದ ಕೆಳಗೆ ಬಿಸಿಲಿದ್ದರೂ ಮೇಲೆ ಮಳೆಯಾಗಿದ್ದರೆ ಹಳ್ಳ ಒಮ್ಮೆಲೇ ಏರಬಹುದು. ತಿಳಿಯಾಗಿದ್ದ ನೀರು ಕದಡುವುದು, ಕಸಕಡ್ಡಿ ತರಗೆಲೆ ತೇಲಿ ಬರುವುದು, ಹರಿವಿನ ಸದ್ದು ಬದಲಾಗುವುದು, ಇವು ಮುನ್ಸೂಚನೆಗಳು. ಇವು ಕಂಡ ಕೂಡಲೇ ಚಪ್ಪಲಿ, ಚೀಲ ಏನೇ ಬಿಟ್ಟಿದ್ದರೂ ಲೆಕ್ಕಿಸದೆ ದಡ ಹತ್ತಬೇಕು. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲಿಗೆ ಕೊಡುವ ತಳ್ಳು ನಾಲ್ಕು ಪಟ್ಟಾಗುತ್ತದೆ. ನಿನ್ನೆ ದಾಟಿದ ಹಳ್ಳವನ್ನು ಇಂದೂ ದಾಟಬಹುದೆಂಬ ಧೈರ್ಯ ಭೌತಶಾಸ್ತ್ರಕ್ಕೆ ಒಪ್ಪುವುದಿಲ್ಲ.

ಎರಡನೆಯ ಅಪಾಯ ಸಿಡಿಲು. ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುವುದು ಈ ಭಾಗದಲ್ಲಿ ಸಾಮಾನ್ಯ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿ.ಮೀ. ದೂರವಿದೆ ಎಂದು ತಿಳಿಯುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ ಎಂಬುದೇ ಇದರ ಗುಟ್ಟು. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಬಯಲು ಹಾಸು, ಗುಡ್ಡದ ನೆತ್ತಿ, ಒಂಟಿ ಮರ ಇವುಗಳಿಂದ ದೂರ ಸರಿದು ಗಟ್ಟಿ ಕಟ್ಟಡದ ಆಸರೆ ಪಡೆಯಬೇಕು. ಕೊನೆಯ ಗುಡುಗು ಕೇಳಿದ ಅರ್ಧ ಗಂಟೆಯ ನಂತರವೇ ಮತ್ತೆ ಹೊರಡಬೇಕು.

ಹಿಮದವರ ನಿಯಮ, ಇಲ್ಲಿಗೂ ಸಲ್ಲುತ್ತದೆ

ಟಿ.ವಿ.ಯಲ್ಲಿ ಹಿಮದ ಮೇಲೆ ಜಾರುವ ಸ್ಕೀ ಆಟ ನೋಡಿದ ಮಕ್ಕಳು ‘ನಾವೂ ಅಲ್ಲಿಗೆ ಹೋಗೋಣ’ ಎಂದು ಹಟ ಹಿಡಿಯುವುದುಂಟು. ಅದೇನೂ ಕೈಗೆಟುಕದ ಕನಸಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಹಿಮದ ಮೇಲಿನ ದೂರ ಓಟದ ಸ್ಕೀ ಸ್ಪರ್ಧೆಗಳಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಡಾರ್ಜಿಲಿಂಗಿನಲ್ಲಿ 1954ರಿಂದ, ಉತ್ತರಕಾಶಿಯಲ್ಲಿ 1965ರಿಂದ ಪರ್ವತಾರೋಹಣ ಸಂಸ್ಥೆಗಳು ತರಬೇತಿ ಕೊಡುತ್ತ ಬಂದಿವೆ. ಆದರೆ ಹಿಮ ಎಂದರೆ ಆಟ ಮಾತ್ರವಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಹೂತುಹೋಗಿ, ಆರು ದಿನಗಳ ಬಳಿಕ ಜೀವಂತ ಸಿಕ್ಕು, ಕೊನೆಗೆ ದಿಲ್ಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಯೋಧ ಹನುಮಂತಪ್ಪ ಕೊಪ್ಪದ ಇದೇ ಉತ್ತರ ಕರ್ನಾಟಕದವರು, ಕುಂದಗೋಳ ತಾಲೂಕಿನ ಬೆಟದೂರಿನವರು.

ಬಳಸಿದ ದಾರಿ ಬಿಟ್ಟು ಹಿಮದ ಇಳಿಜಾರಿಗೆ ಇಳಿಯುವ ಸ್ಕೀಗಾರರು ಮೊದಲು ಇಳಿಜಾರಿನ ಕೋನ ಅಳೆಯುತ್ತಾರೆ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿಯೇ ಹಿಮಕುಸಿತ ಹೆಚ್ಚು. ಅದಕ್ಕಿಂತ ಕಡಿಮೆ ಇದ್ದರೆ ಹಿಮ ಸುಲಭಕ್ಕೆ ಜಾರುವುದಿಲ್ಲ. ತೀರ ಕಡಿದಾಗಿದ್ದರೆ ಅಲ್ಲಿ ಹಿಮ ಹೆಚ್ಚು ಕಾಲ ನಿಲ್ಲುವುದೇ ಇಲ್ಲ. ಅವರು ಒಬ್ಬಂಟಿಯಾಗಿ ಹೋಗುವುದಿಲ್ಲ. ಎಲ್ಲಿಗೆ ಹೋಗುತ್ತೇವೆ, ಯಾವಾಗ ಮರಳುತ್ತೇವೆ ಎಂದು ಕೆಳಗಿನವರಿಗೆ ತಿಳಿಸುತ್ತಾರೆ. ಹೊರಡುವ ಮೊದಲೇ ಹಿಂದಿರುಗುವ ಗಳಿಗೆ ನಿಗದಿ ಮಾಡುತ್ತಾರೆ. ತುದಿ ಕಣ್ಣಳತೆಯಲ್ಲಿದ್ದರೂ ಆ ಗಳಿಗೆ ಬಂದರೆ ತಿರುಗಿ ಬರುತ್ತಾರೆ.

ಹಲಸಿಯ ಗುಡ್ಡಕ್ಕೆ ಹಿಮ ಬೀಳುವುದಿಲ್ಲ. ಆದರೆ ಈ ನಿಯಮಗಳಲ್ಲಿ ಒಂದನ್ನೂ ಬದಲಿಸಬೇಕಾಗಿಲ್ಲ. ಹಿಮದ ಜಾಗದಲ್ಲಿ ನೀರು ಎಂದು ಓದಿಕೊಂಡರೆ ಸಾಕು. ಮುಂದೊಂದು ದಿನ ಹಿಮಾಲಯದ ತರಬೇತಿಗೆ ಹೋಗಬೇಕೆನ್ನುವ ಹುಡುಗ ಹುಡುಗಿಯರು ಮೊದಲು ಇಲ್ಲಿ, ಜಂಬಿಟ್ಟಿಗೆ ಕಲ್ಲಿನ ಇಳಿಜಾರಿನಲ್ಲಿ, ಹಿಂದಿರುಗುವುದನ್ನು ಕಲಿಯಲಿ. ಹತ್ತುವ ಹುಮ್ಮಸ್ಸು ವಯಸ್ಸಿನ ಜೊತೆಗೇ ಬರುತ್ತದೆ. ಹಿಂದಿರುಗುವ ಬುದ್ಧಿಯನ್ನು ಕಲಿಸಬೇಕಾಗುತ್ತದೆ.

ನಡಿಗೆ ಯಾರಿಗೆ ಹವ್ಯಾಸ, ಯಾರಿಗೆ ಬದುಕು

ಹಲಸಿಯ ಪಶ್ಚಿಮಕ್ಕೆ ಭೀಮಗಡದ ಕಾಡು. 2011ರ ಡಿಸೆಂಬರಿನಲ್ಲಿ ಸುಮಾರು 190 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದಕ್ಕೆ ಹೆಸರು ಕೊಟ್ಟ ಭೀಮಗಡ ಕೋಟೆ ಶಿವಾಜಿಯ ಕಾಲದ್ದೆಂದು ಪ್ರಸಿದ್ಧಿ. ಈ ಕಾಡಿನ ತಳೇವಾಡಿ ಬಳಿ ಬಾರಾಪೇಡೆ ಗುಹೆಗಳಿವೆ. 1912ರಲ್ಲಿ ಇಲ್ಲಿ ಸಿಕ್ಕ ಬಾವಲಿಯೊಂದನ್ನು ಮರುವರ್ಷ ಓಲ್ಡ್‌ಫೀಲ್ಡ್ ಥಾಮಸ್ ಎಂಬ ವಿಜ್ಞಾನಿ ಹೊಸ ಪ್ರಭೇದವೆಂದು ಜಗತ್ತಿಗೆ ಪರಿಚಯಿಸಿದ. ಅದೇ ರಾಟನ್ ಬಾವಲಿ. ಬಹುಕಾಲ ಇಡೀ ಪ್ರಪಂಚದಲ್ಲಿ ಇದರ ನೆಲೆ ಇದೊಂದೇ ಎಂದು ನಂಬಲಾಗಿತ್ತು. ನಂತರ ಮೇಘಾಲಯದಲ್ಲಿಯೂ ಕಾಂಬೋಡಿಯಾದಲ್ಲಿಯೂ ಕಂಡುಬಂದಿದೆ. ಕಾನೂನು ಇದಕ್ಕೆ ಹುಲಿಯ ಸಾಲಿನಲ್ಲಿಯೇ ರಕ್ಷಣೆ ಕೊಟ್ಟಿದೆ.

ಗುಹೆ ಕಂಡೊಡನೆ ಟಾರ್ಚು ಬೆಳಗಿಸಿ ಒಳನುಗ್ಗುವುದು ಸಾಹಸವೆಂದು ಕೆಲವರು ತಿಳಿದಿದ್ದಾರೆ. ಹಗಲಿನಲ್ಲಿ ತಲೆಕೆಳಗಾಗಿ ಜೋತು ವಿಶ್ರಮಿಸುವ ಬಾವಲಿಗೆ ಬೆಳಕು, ಗದ್ದಲ, ಹೊಗೆ ಮಾರಕ. ಮರಿ ಹೊತ್ತ ತಾಯಿ ಬೆದರಿ ಹಾರಿದರೆ ಮರಿ ಕೆಳಗೆ ಬೀಳುತ್ತದೆ. ಗುಹೆ ಇದೆ ಎಂದು ತಿಳಿದು ಒಳಗೆ ಹೋಗದೆ ಬರುವುದೇ ಇಲ್ಲಿ ನಿಜವಾದ ಸಾಹಸ. ಹೇಗೂ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಅನುಮತಿ ಪಡೆದು, ಇಲಾಖೆಯ ಸಿಬ್ಬಂದಿಯ ಜೊತೆಯಲ್ಲಿ ಕಾಡು ನೋಡಬಯಸುವವರು ಖಾನಾಪುರದ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

ಇದೇ ಕಾಡಿನೊಳಗೆ ಆಮಗಾಂವ, ಗವಾಳಿ, ಕೃಷ್ಣಾಪುರ, ತಳೇವಾಡಿ ಮೊದಲಾದ ಸಣ್ಣ ಹಳ್ಳಿಗಳಿವೆ. ಇಲ್ಲಿನವರಿಗೆ ನಡಿಗೆ ಹವ್ಯಾಸವಲ್ಲ. ಶಾಲೆಗೆ, ಸಂತೆಗೆ, ಪಡಿತರಕ್ಕೆ ನಡೆಯಲೇಬೇಕು. 2024ರ ಮಳೆಗಾಲದಲ್ಲಿ ಆಮಗಾಂವದ ರೋಗಿಯೊಬ್ಬರನ್ನು ಊರಿನವರು ಹೆಗಲ ಮೇಲೆ ಹೊತ್ತು, ತುಂಬಿದ ಹಳ್ಳ ದಾಟಿಸಿ, ಕಾಡಿನ ಹಾದಿಯಲ್ಲಿ ಕಿಲೋಮೀಟರುಗಟ್ಟಲೆ ನಡೆದು ವಾಹನ ಮುಟ್ಟಿಸಿದ ಸುದ್ದಿ ರಾಜ್ಯದ ಗಮನ ಸೆಳೆಯಿತು. 2025ರಲ್ಲಿ ತಳೇವಾಡಿಯ ಕುಟುಂಬಗಳು ಸರಕಾರದ ಪರಿಹಾರ ಪಡೆದು ಕಾಡಿನಿಂದ ಹೊರಬರಲು ಒಪ್ಪಿದವು. ಕಾಡು ಉಳಿಯಬೇಕು ಎನ್ನುವುದು ಸರಿ. ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದನ್ನೂ ಮಕ್ಕಳು ತಿಳಿಯಬೇಕು. ರವಿವಾರ ಬೂಟು ಹಾಕಿ ಗುಡ್ಡ ಹತ್ತುವ ಪಟ್ಟಣದ ಹುಡುಗ, ಅದೇ ಗುಡ್ಡದಲ್ಲಿ ಸೌದೆ ಹೊರೆ ಹೊತ್ತು ಇಳಿಯುವ ತಾಯಿಗೆ ದಾರಿ ಬಿಟ್ಟು ನಿಲ್ಲಬೇಕು. ಈ ಸೌಜನ್ಯ ಯಾವ ಪಠ್ಯದಲ್ಲಿಯೂ ಇಲ್ಲ.

ಈ ಗುಡ್ಡಗಳನ್ನು ಕಾಲಿನಿಂದ ಬಲ್ಲವರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನೆನೆಯದೆ ಇರಲಾಗದು. ಬ್ರಿಟಿಷರ ವಿರುದ್ಧದ ಅವನ ಹೋರಾಟಕ್ಕೆ ಈ ಕಾಡುಗಳೇ ಕೋಟೆಯಾಗಿದ್ದವು. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದು ನಂದಗಡದಲ್ಲಿ. ಹಲಸಿಗೆ ಹೋಗುವ ದಾರಿಯಲ್ಲಿಯೇ ಅವನ ಸಮಾಧಿ ಸ್ಥಳವಿದೆ. ಅಲ್ಲಿ ಇಳಿದು ಕೈಮುಗಿದು ಮುಂದೆ ಸಾಗುವುದು ವಾಡಿಕೆ.

ತಂದೆ ತಾಯಂದಿರು ಗಮನಿಸಬೇಕಾದ್ದು

ಹಲಸಿಯ ನಡಿಗೆಗೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಬೆಳಿಗ್ಗೆ ಬೇಗ ಊರು ಸೇರಿ, ತಂಪಿನಲ್ಲಿ ರಾಮತೀರ್ಥ ಹತ್ತಿಳಿದು, ಮಧ್ಯಾಹ್ನ ದೇವಾಲಯಗಳ ನೆರಳಿನಲ್ಲಿ ಕಳೆದರೆ ಒಂದು ದಿನ ಸಾರ್ಥಕ. ಸೂರ್ಯ ಮೂಡುವ ಮೊದಲು, ಮುಳುಗಿದ ಮೇಲೆ ಗುಡ್ಡದ ಹಾದಿ ಬೇಡ. ಅದು ಕರಡಿ ಸಂಚರಿಸುವ ಹೊತ್ತು. ಗುಂಪು ಮಾತನಾಡುತ್ತ ನಡೆದರೆ ಪ್ರಾಣಿಗಳು ತಾವಾಗಿಯೇ ದೂರ ಸರಿಯುತ್ತವೆ. ಊರಿನ ಹಿರಿಯರೊಬ್ಬರನ್ನು ದಾರಿ ಕೇಳಿಕೊಂಡೇ ಹೊರಡಬೇಕು, ಮರಳಿದ ಮೇಲೆ ‘ಬಂದೆವು’ ಎಂದು ತಿಳಿಸಬೇಕು. ಗುಡ್ಡದಲ್ಲಿ ಮೊಬೈಲು ಸಿಗದ ಜಾಗಗಳು ಬೇಕಾದಷ್ಟಿವೆ.

ತಲಾ ಎರಡು ಲೀಟರ್ ನೀರು, ಉದ್ದ ತೋಳಿನ ಅಂಗಿ, ಟೊಪ್ಪಿಗೆ, ಹಿಡಿತವಿರುವ ಬೂಟು, ಸೀಟಿ, ಟಾರ್ಚು, ಗಾಯಕ್ಕೆ ಕಟ್ಟುವ ಬಟ್ಟೆ ಇರಲಿ. ತಿನ್ನಲು ಅಂಗಡಿಯ ಪೊಟ್ಟಣಗಳಿಗಿಂತ ಕಟಕ ರೊಟ್ಟಿ, ಶೇಂಗಾ ಚಟ್ನಿ, ಪುಠಾಣಿ, ಬೆಲ್ಲ ಮೇಲು. ಕೆಡುವುದಿಲ್ಲ, ಹಗುರ, ಕಸವೂ ಉಳಿಯುವುದಿಲ್ಲ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮಾಡಕೂಡದು. ಕಚ್ಚಿದ ಅಂಗವನ್ನು ಅಲುಗಿಸದೆ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಮುಟ್ಟಿಸಬೇಕು.

ಇನ್ನೊಂದು ಎಚ್ಚರ ಉಣ್ಣೆಯದು. ಮಂಗನ ಕಾಯಿಲೆಯನ್ನು ಹರಡುವ ಈ ಪುಟ್ಟ ಜೀವಿ ಹೆಚ್ಚು ಚುರುಕಾಗಿರುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನಡಿಗೆಯ ಕಾಲದಲ್ಲಿಯೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ರೋಗ 2015ರಲ್ಲಿ ಘಟ್ಟದ ಕೆಳಗಿನ ಗೋವೆಯ ಸತ್ತರಿ ತಾಲೂಕಿನಲ್ಲಿಯೂ ಕಾಣಿಸಿಕೊಂಡಿತು. ಮಂಗ ಸತ್ತುಬಿದ್ದ ಜಾಗಕ್ಕೆ ಹೋಗಬಾರದು. ತರಗೆಲೆಯ ಮೇಲೆ ಕೂರಬಾರದು. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈಯೆಲ್ಲ ಪರೀಕ್ಷಿಸಿಕೊಳ್ಳಬೇಕು. ನಂತರದ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಇಷ್ಟೆಲ್ಲ ಪಟ್ಟಿ ನೋಡಿ ‘ಮನೆಯೇ ಲೇಸು’ ಎನಿಸಬಹುದು. ಆದರೆ ರಸ್ತೆ ದಾಟುವುದಕ್ಕೂ ಇಷ್ಟೇ ನಿಯಮಗಳಿವೆ. ಚಿಕ್ಕಂದಿನಿಂದ ರೂಢಿಯಾದ್ದರಿಂದ ಅವು ನಿಯಮಗಳೆನಿಸುವುದಿಲ್ಲ, ಅಷ್ಟೆ. ಗುಡ್ಡಕ್ಕೆ ಒಮ್ಮೆಯೂ ಹೋಗದೆ ಬೆಳೆದ ಹುಡುಗ ಕಾಲೇಜು ಸೇರಿದ ವರ್ಷ ಗೆಳೆಯರೊಡನೆ ಹೇಳದೆ ಕೇಳದೆ ಜಲಪಾತಕ್ಕೆ ಹೊರಡುತ್ತಾನೆ. ಆಗ ಹಳ್ಳದ ಭಾಷೆ ಅವನಿಗೆ ತಿಳಿದಿರುವುದಿಲ್ಲ. ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ, ಗುರುಗಳ ಜೊತೆ ರಾಮತೀರ್ಥ ಹತ್ತಿದವನಿಗೆ ನೀರು ಕದಡಿದಾಗ ದಡ ಹತ್ತಬೇಕೆಂದು ಗೊತ್ತಿರುತ್ತದೆ. ಮಕ್ಕಳನ್ನು ಕಾಯುವುದು ಗುಡ್ಡದ ಮೇಲಿನ ನಿಷೇಧವಲ್ಲ, ಗುಡ್ಡದ ಪರಿಚಯ.

ಹಲಸಿಗೆ ಹೋಗಲು ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸು, ರೈಲು ಎರಡೂ ಇವೆ. ಖಾನಾಪುರ ನಿಲ್ದಾಣ ಬೆಳಗಾವಿ–ಲೋಂಡಾ ರೈಲು ಮಾರ್ಗದಲ್ಲಿದೆ. ಅಲ್ಲಿಂದ ನಂದಗಡದ ಮೂಲಕ ಬಸ್ಸಿನಲ್ಲಿ ಹಲಸಿ ತಲುಪಬಹುದು. ಹಲಸಿಯಲ್ಲಿ ವಸತಿಗೃಹಗಳನ್ನು ನಂಬಿ ಹೋಗದೆ ಖಾನಾಪುರ ಇಲ್ಲವೆ ಬೆಳಗಾವಿಯಲ್ಲಿ ಉಳಿಯುವುದು ಅನುಕೂಲ. ಮಳೆಗಾಲದಲ್ಲಿ ಹೋಗುವವರು ದೇವಾಲಯಗಳನ್ನು ನೋಡಿ, ಜಗುಲಿಯಲ್ಲಿ ಕುಳಿತು ಗುಡ್ಡದ ಮೇಲೆ ಮಳೆ ಇಳಿಯುವುದನ್ನು ನೋಡಿ ಬರಲಿ. ಹತ್ತುವುದನ್ನು ಕಾರ್ತಿಕಕ್ಕೆ ಇಟ್ಟುಕೊಳ್ಳಲಿ.